ಹಸು ಕಟ್ಟಲಾಗದವರು ಬೋನ್ಸಾಯ್ ಇಡಬೇಡಿ

ಏಪ್ರಿಲ್ ತಿಂಗಳ ಕೊನೆ. ನ್ಯೂ ಜೆರ್ಸಿಯಲ್ಲಿ ಚಳಿ ಹೋಯ್ತು ಅಂತ ನಂಬಿಕೆ ಬರೋ ಹೊತ್ತು. ನಮ್ಮ ಮನೆ ಹಿಂದಿನ ಡೆಕ್ ಮೇಲೆ ಒಂದೂವರೆ ಅಡಿ ಎತ್ತರದ ಕ್ರ್ಯಾಬ್ ಆಪಲ್ ಬೋನ್ಸಾಯ್ ಮೈತುಂಬ ಹೂ ಬಿಟ್ಟಿತ್ತು. ಮೊಗ್ಗು ಕಡುಗುಲಾಬಿ, ಅರಳಿದ ಮೇಲೆ ಹೆಚ್ಚುಕಮ್ಮಿ ಬಿಳಿ. ಊಟಕ್ಕೆ ಬಂದಿದ್ದ ಸ್ನೇಹಿತರೊಬ್ಬರು ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತರು. ಫೋಟೋ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ರೀ, ಇಷ್ಟು ಚಂದದ ಮರಾನ ಕತ್ತರಿಸಿ ಕತ್ತರಿಸಿ ಕುಳ್ಳ ಮಾಡಿಟ್ಟಿದೀರಲ್ಲ, ಪಾಪ ಅನ್ಸಲ್ವಾ ನಿಮಗೆ?" ಅಂದರು.

ನಾನು ನಕ್ಕು ಸುಮ್ಮನಾದೆ. ಮನೆಗೆ ಬಂದವರ ಹತ್ತಿರ ಜಗಳ ಆಡಬಾರದಲ್ಲ. ಆದರೆ ಇವರ ಮನೆಗೆ ನಾನೂ ಹೋಗಿದ್ದೀನಿ. ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಜೂನಿಪರ್ ಬೋನ್ಸಾಯ್ ಒಂದು ಅವರ ಟಿವಿ ಪಕ್ಕ ಕೂತಿದೆ. ಜೂನಿಪರ್ ಒಂಥರಾ ಮೋಸದ ಗಿಡ. ಬೇರು ಸತ್ತ ಮೇಲೂ ವಾರಗಟ್ಟಲೆ ಹಸಿರಾಗೇ ಕಾಣುತ್ತೆ. ಆ ಮರ ಸತ್ತು ಎಷ್ಟೋ ಕಾಲ ಆಗಿದೆ. ಮುಟ್ಟಿದರೆ ಪುಡಿ ಉದುರುತ್ತೆ. ಇವರು ಮಾತ್ರ ಪ್ರತಿ ಶನಿವಾರ ತಪ್ಪದೆ ಅದಕ್ಕೆ ನೀರು ಹಾಕ್ತಿದ್ದಾರೆ. ಪಾಪ ಅನ್ನೋದು ಯಾರಿಗೆ, ನೀವೇ ಹೇಳಿ.

ಅವತ್ತು ಹೇಳದೆ ಉಳಿದದ್ದನ್ನ ಇಲ್ಲಿ ಹೇಳ್ತೀನಿ. ಬೋನ್ಸಾಯ್‌ನಲ್ಲಿ ಹಿಂಸೆ ಇಲ್ಲ ಅಂತ ನಾನು ವಾದ ಮಾಡಲ್ಲ. ಇದೆ. ಆದರೆ ಅದು ಕತ್ತರಿಯಲ್ಲಿಲ್ಲ. ಕುಂಡದಲ್ಲಿ ಕಟ್ಟಿಹಾಕಿ ಮರೆಯೋದರಲ್ಲಿದೆ. ಮರಗಳನ್ನ ಸಾಯಿಸ್ತಿರೋರು ಕತ್ತರಿ ಹಿಡಿದವರಿಗಿಂತ ಹೆಚ್ಚಾಗಿ ‘ಪಾಪ’ ಅನ್ನೋ ಜನವೇ.

ಮೊದಲು ಆ ಕಾಫಿ ಲೋಟದ ವಿಷಯ ತಗೊಳ್ಳೋಣ. ನಾನು ಸಕಲೇಶಪುರದ ಕಡೆಯವನು. ಅರೇಬಿಕಾ ಕಾಫಿಯನ್ನ ಅದರ ಪಾಡಿಗೆ ಬಿಟ್ಟರೆ ಎರಡಾಳು ಎತ್ತರ ದಾಟೋ ಮರ. ಅದನ್ನ ಎರಡೂವರೆ ಮೂರು ಅಡಿ ಆದಾಗ ನೆತ್ತಿ ಚಿವುಟಿ ನಿಲ್ಲಿಸ್ತಾರೆ, ಆಮೇಲೆ ಐದಡಿ ಹತ್ತಿರ ಇನ್ನೊಂದು ಸಲ. ಕೊಯ್ಲು ಮುಗಿದ ಮೇಲೆ ವರ್ಷಾ ವರ್ಷಾ ಕಸಿ. ನಮ್ಮ ಕಡೆ ಕಸಿ ಅಂದರೆ ಎರಡು ಗಿಡ ಕೂಡಿಸೋದು ಮಾತ್ರ ಅಲ್ಲ, ಬೇಡದ ರೆಕ್ಕೆ ಕಡಿದು ಗಿಡ ಹಗುರ ಮಾಡೋದಕ್ಕೂ ಅದೇ ಹೆಸರು. ಮೇಲಿನ ನೆರಳು ಮರಗಳಿಗೆ ಮರಗಸಿ. ವಿಜಯಪುರದ ಕಡೆ ದ್ರಾಕ್ಷಿಗೆ ಚಾಟ್ನಿ ಮಾಡ್ತಾರೆ, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಹಿಪ್ಪುನೇರಳೆಯನ್ನಂತೂ ಬುಡಕ್ಕೇ ಕೊಯ್ದು ರೇಷ್ಮೆಹುಳಕ್ಕೆ ಹಾಕ್ತಾರೆ. ಇದನ್ನೆಲ್ಲ ನೋಡಿ ಯಾರಾದರೂ ಪಾಪ ಅಂದಿದ್ದು ಕೇಳಿದೀರಾ? ಕುಳ್ಳ ಮಾಡಿದ ಗಿಡದ ಬೀಜ ಹುರಿದು ಪುಡಿ ಮಾಡಿ ಕುಡಿಯುತ್ತಾ ಕುಳ್ಳ ಮಾಡಿದ ಇನ್ನೊಂದು ಗಿಡಕ್ಕೆ ಕಣ್ಣೀರು ಹಾಕೋದು ನನಗೆ ಅರ್ಥ ಆಗಲ್ಲ.

ನಮ್ಮಲ್ಲಿ ಬೋನ್ಸಾಯ್ ಅನ್ನೋ ಪದ ಕುಂಡಕ್ಕಿಂತ ಭಾಷಣದಲ್ಲೇ ಹೆಚ್ಚು ಬೆಳೆದಿದೆ. ಶಾಲಾ ವಾರ್ಷಿಕೋತ್ಸವದ ಮುಖ್ಯ ಅತಿಥಿಗಳಿಗೆ ಇದು ಕಾಯಂ ಉಪಮೆ: ಮಕ್ಕಳನ್ನ ಬೋನ್ಸಾಯ್ ಮಾಡಬೇಡಿ, ಆಲದ ಮರ ಮಾಡಿ. ಚಪ್ಪಾಳೆ. ಆ ಭಾಷಣಕಾರರು ಬೋನ್ಸಾಯ್ ಅಂದರೆ ಊಟ ಕೊಡದೆ ಕೃಶ ಮಾಡಿದ ಮರ ಅಂದುಕೊಂಡಿದ್ದಾರೆ. ನಿಜ ಬೇರೆ. ಹಸಿದ ಮರ ಹೂ ಬಿಡಲ್ಲ, ಗಾಯ ಮಾಯಿಸಿಕೊಳ್ಳಲ್ಲ, ಕತ್ತರಿಸಿದ ಕಡೆ ಚಿಗುರಲ್ಲ. ಚೆನ್ನಾಗಿ ಉಂಡ ಮರಕ್ಕೆ ಮಾತ್ರ ಕತ್ತರಿ ಹಾಕೋಕಾಗೋದು. ವಾಷಿಂಗ್ಟನ್‌ನ ನ್ಯಾಷನಲ್ ಅರ್ಬೊರೀಟಮ್‌ನಲ್ಲಿ ಬೋನ್ಸಾಯ್ ಮ್ಯೂಸಿಯಂ ಇದೆ, ಆ ಕಡೆ ಹೋದಾಗ ನೋಡಿ ಬನ್ನಿ. 1976ರಲ್ಲಿ ಜಪಾನಿನವರು ಕೊಟ್ಟ 53 ಮರಗಳಿಂದ ಶುರುವಾದದ್ದು. ಅದರಲ್ಲಿ ಯಾಮಾಕಿ ಮನೆತನದ ಒಂದು ಬಿಳಿ ಪೈನ್ ಇದೆ. 1625ರಿಂದ ಕುಂಡದಲ್ಲಿ ಬೆಳೆದು ಬಂದಿದ್ದು. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬ್ ಬಿದ್ದಾಗ ಅಲ್ಲಿಂದ ಮೂರೇ ಕಿಲೋಮೀಟರ್ ದೂರದಲ್ಲಿ ಗೋಡೆಯ ಮರೆಯಲ್ಲಿತ್ತು, ಬದುಕಿತು. 2001ರಲ್ಲಿ ಆ ಮನೆಯ ಮೊಮ್ಮಕ್ಕಳು ನೋಡೋಕೆ ಬಂದು ಹೇಳೋವರೆಗೂ ಮ್ಯೂಸಿಯಂನವರಿಗೇ ಆ ವಿಷಯ ಗೊತ್ತಿರಲಿಲ್ಲ. ಹಿಂಸೆ ಕೊಟ್ಟ ಮರ ನಾನೂರು ವರ್ಷ ಬದುಕುತ್ತಾ? ಬದುಕಿದ್ದು ಯಾಕೆ ಅಂದರೆ ನಾನೂರು ವರ್ಷದಲ್ಲಿ ಬೇಸಿಗೆಯ ಒಂದು ದಿನವೂ ಯಾರೋ ಒಬ್ಬರು ನೀರು ಹಾಕೋದನ್ನ ಮರೆತಿಲ್ಲ.

ಇಷ್ಟು ಹೇಳಿ ನಾನೇನೋ ದೊಡ್ಡ ಸಾಚಾ ಅಂದುಕೊಳ್ಳಬೇಡಿ. ನನ್ನ ಮೊದಲನೇ ಕ್ರ್ಯಾಬ್ ಆಪಲ್‌ನ ಕೊಂದವನು ನಾನೇ.

ಹತ್ತಿರದ ಒಂದು ಗಾರ್ಡನ್ ಅಂಗಡಿಯಲ್ಲಿ ತಗೊಂಡಿದ್ದು. ಕುಂಡದ ಮೇಲ್ಮಣ್ಣಿಗೆ ಬಣ್ಣದ ಕಲ್ಲುಗಳನ್ನ ಗೋಂದು ಹಾಕಿ ಅಂಟಿಸಿದ್ದರು. ನೀರು ಹಾಕಿದರೆ ಒಳಗೇ ಇಳಿಯುತ್ತಿರಲಿಲ್ಲ, ಅಂಚಿನಿಂದ ಹರಿದು ಹೋಗ್ತಿತ್ತು. ಚೀಟಿಯ ಮೇಲೆ ‘ಮನೆಯೊಳಗೂ ಇಡಬಹುದು’ ಅಂತ ಬರೆದಿತ್ತು. ನಂಬಿದೆ. ನವೆಂಬರ್‌ನಲ್ಲಿ ಎಲೆ ಉದುರಿದಾಗ, ಅಯ್ಯೋ ಹೊರಗೆ ಚಳಿ, ಪಾಪ, ಅಂತ ಒಳಗೆ ತಂದು ಹೀಟರ್ ಗಾಳಿ ಬರೋ ಕಿಟಕಿ ಪಕ್ಕ ಇಟ್ಟೆ. ಅಮ್ಮನಿಗೆ ವೀಡಿಯೊ ಕಾಲ್‌ನಲ್ಲಿ ತೋರಿಸಿದೆ. "ಏಡಿ ಸೇಬಾ? ಅದೆಂಥ ಹೆಸರೋ ಮಾರಾಯ" ಅಂತ ನಕ್ಕರು. ಜನವರಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಚಿದ ಚಿಗುರು ಬಂತು. ನಾನು ಸಂಭ್ರಮಪಟ್ಟೆ. ಮಾರ್ಚ್ ಹೊತ್ತಿಗೆ ಕೊಂಬೆ ತುದಿ ಒಣಗುತ್ತಾ ಬಂತು. ಏಪ್ರಿಲ್‌ನಲ್ಲಿ ಊರೆಲ್ಲ ಕ್ರ್ಯಾಬ್ ಆಪಲ್ ಹೂ ಬಿಡ್ತಿದ್ದಾಗ ನನ್ನದು ಕಡ್ಡಿ.

ಆಮೇಲೆ ಗೊತ್ತಾಯಿತು. ಸೇಬಿನ ಜಾತಿಗೆ ಚಳಿ ಕಷ್ಟ ಅಲ್ಲ, ನಿದ್ದೆ. ಸುಮಾರು ಏಳು ಡಿಗ್ರಿ ಸೆಲ್ಸಿಯಸ್ ಕೆಳಗಿನ ತಣುಪಿನಲ್ಲಿ ನೂರಾರು ಗಂಟೆ, ಕೆಲವು ಜಾತಿಗೆ ಸಾವಿರದ ಹತ್ತಿರ, ಮಲಗಿ ಎದ್ದರೆ ಮಾತ್ರ ಮೊಗ್ಗು ಸರಿಯಾಗಿ ಒಡೆಯೋದು. ನಾನು ಮಲಗೋಕೆ ಬಿಡಲಿಲ್ಲ. ಕರುಣೆಯಿಂದಲೇ ಬಿಡಲಿಲ್ಲ. ಈಗ ನಮ್ಮ ಗಿಡ ಚಳಿಗಾಲ ಪೂರ್ತಿ ಹೀಟರ್ ಇಲ್ಲದ ಗ್ಯಾರೇಜ್‌ನಲ್ಲಿ ಇರುತ್ತೆ. ನೆಲದಲ್ಲಿರೋ ಮರಕ್ಕೆ ಆ ಅಡಚಣೆ ಇಲ್ಲ, ಆದರೆ ಕುಂಡದಲ್ಲಿ ಬೇರು ಮೈನಸ್ ಹದಿನೈದಕ್ಕೆ ನೇರ ಸಿಕ್ಕರೆ ಸಾಯುತ್ತೆ. ಅದಕ್ಕೆ ಗಾಳಿ ತಾಗದ ತಣ್ಣನೆ ಜಾಗ. ಮಣ್ಣು ಪೂರ್ತಿ ಒಣಗದ ಹಾಗೆ ಆಗಾಗ ಚೂರು ನೀರು. ಅಷ್ಟೇ. ಟಿವಿ ಪಕ್ಕದಲ್ಲಿ ಅದಕ್ಕೇನು ಕೆಲಸ?

ಇದೇ ಕಾರಣಕ್ಕೆ ಬೆಂಗಳೂರಿನ ಬಂಧುಗಳಿಗೂ ಒಂದು ಮಾತು. "ಬರೋವಾಗ ಒಂದು ಗಿಡ ತಂದುಬಿಡು" ಅಂತ ಕೇಳ್ತಾನೇ ಇರ್ತಾರೆ. ಮೊದಲನೆಯದಾಗಿ, ಅನುಮತಿ ಮತ್ತು ರೋಗವಿಲ್ಲ ಅನ್ನೋ ಪ್ರಮಾಣಪತ್ರ ಇಲ್ಲದೆ ಗಿಡ ತರೋದು ಕಾನೂನುಬಾಹಿರ. ಎರಡನೆಯದು, ತಂದರೂ ಬೆಂಗಳೂರಿನ ಡಿಸೆಂಬರ್ ಇದರ ನಿದ್ದೆಗೆ ಸಾಲಲ್ಲ. ಹೌದು, ‘ಅನ್ನಾ’ ಥರದ ಕಡಿಮೆ ಚಳಿ ಬೇಡೋ ಸೇಬು ಇವೆ, ಹಿಮಾಚಲದ ರೈತ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99 ಕರ್ನಾಟಕದವರೆಗೂ ಬಂದಿದೆ. ಅವು ಬೇರೆ ಮಾತು. ಜಪಾನಿನ ಕ್ರ್ಯಾಬ್ ಆಪಲ್‌ನ ತಂದು ಜಯನಗರದ ಬಾಲ್ಕನಿಯಲ್ಲಿ ಇಡೋದು ನಾನು ಹೀಟರ್ ಪಕ್ಕ ಇಟ್ಟ ತಪ್ಪಿನ ಇನ್ನೊಂದು ರೂಪ. ಅಲ್ಲಿ ಗೋಣಿ, ಅತ್ತಿ, ಹುಣಸೆ, ದಾಳಿಂಬೆ ಇಲ್ಲವಾ? ಕಾಗದದ ಹೂವಿನ ಗಿಡ ಕುಂಡದಲ್ಲಿ ಎಂಥಾ ಮರ ಆಗುತ್ತೆ ಅಂತ ನೋಡಿದೀರಾ? ಊರಿನ ಹವೆ ಒಪ್ಪೋ ಮರ ಬಿಟ್ಟು ಫೋಟೋದಲ್ಲಿ ಕಂಡ ಮರವೇ ಬೇಕು ಅನ್ನೋದು ಹಟ ಅಷ್ಟೇ, ಪ್ರೀತಿ ಅಲ್ಲ.

ಸರಿ, ಕತ್ತರಿ ವಿಷಯಕ್ಕೆ ಬರೋಣ. ಎರಡನೇ ಗಿಡ ಸಾಯಲಿಲ್ಲ. ಆದರೆ ಮೂರು ವರ್ಷ ಒಂದು ಹೂವೂ ಬಿಡಲಿಲ್ಲ. ಇದಕ್ಕೆ ಕಾರಣ ನನ್ನ ಅಜ್ಞಾನ ಮಾತ್ರ ಅಲ್ಲ, ನಮ್ಮೂರಿನ ಅಭ್ಯಾಸ. ನಾವು ಗುಲಾಬಿ ನೋಡಿ ಬೆಳೆದವರು. ಗುಲಾಬಿಗೆ ಕತ್ತರಿ ಹಾಕಿದರೆ ಹೊಸ ಚಿಗುರು, ಆರೇಳು ವಾರದಲ್ಲಿ ಆ ಚಿಗುರಿನ ತುದಿಯಲ್ಲೇ ಹೂ. ಮಲ್ಲಿಗೆಯೂ ಹಾಗೇ. ಹಾಗಾಗಿ ಕತ್ತರಿಸಿದಷ್ಟೂ ಹೂ ಅನ್ನೋದು ನಮ್ಮ ಕೈಗೆ ಅಂಟಿದ ಲೆಕ್ಕ. ಕ್ರ್ಯಾಬ್ ಆಪಲ್ ಲೆಕ್ಕ ತಿರುಗಾಮುರುಗಾ. ಇದರ ಮುಂದಿನ ವಸಂತದ ಹೂಮೊಗ್ಗು ಈ ಬೇಸಿಗೆಯಲ್ಲೇ ಹುಟ್ಟುತ್ತೆ, ಅದೂ ಬಹುಪಾಲು ಗಿಡ್ಡ ಗಿಡ್ಡ ಕಡ್ಡಿಗಳ ತುದಿಯಲ್ಲಿ. ಆಗಸ್ಟ್‌ನಲ್ಲಿ ಮನೆಗೆ ಯಾರೋ ಬರ್ತಾರೆ ಅಂತ ಗಿಡಾನ ಚಂದವಾಗಿ ದುಂಡಗೆ ಕತ್ತರಿಸ್ತಿದ್ದೆ. ಹಬ್ಬಕ್ಕೆ ಮುಂಚೆ ಮಗೂಗೆ ಕ್ಷೌರ ಮಾಡಿಸಿದ ಹಾಗೆ. ಪ್ರತಿ ಸಲ ಕತ್ತರಿಸಿ ಬಿಸಾಕ್ತಿದ್ದದ್ದು ಮುಂದಿನ ಏಪ್ರಿಲ್‌ನ ಹೂವನ್ನ.

ಈಗ ನಾನು ಇಟ್ಟುಕೊಂಡಿರೋ ಕ್ರಮ ಇದು. ದೊಡ್ಡ ಕೊಂಬೆ ತೆಗೆಯೋದಿದ್ದರೆ ಫೆಬ್ರವರಿ ಕೊನೆ, ಮೊಗ್ಗು ಇನ್ನೂ ಮಲಗಿರೋವಾಗ. ಒಂದರ ಮೇಲೊಂದು ಹಾಯ್ದ ಕೊಂಬೆ, ಒಳಮುಖ ಬೆಳೆದದ್ದು, ನೆಟ್ಟಗೆ ಮೇಲಕ್ಕೆ ಓಡಿದ್ದು, ಇವು ಹೋಗಬೇಕು. ಕೈ ಹಾಕೋ ಮುಂಚೆ ಮೊಗ್ಗು ನೋಡಿ. ದುಂಡಗೆ ದಪ್ಪಗಿರೋದು ಹೂವಿನದು, ಸಣ್ಣಗೆ ಚೂಪಾಗಿರೋದು ಎಲೆಯದು. ದೊಡ್ಡ ಗಾಯಕ್ಕೆ ಪೇಸ್ಟ್ ಹಚ್ಚಬೇಕು. ಮೊಗ್ಗು ಉಬ್ಬೋಕೆ ಶುರುವಾದಾಗ ಕುಂಡ ಬದಲಿಸೋದು, ಎಳೇ ಮರವಾದರೆ ಎರಡು ವರ್ಷಕ್ಕೊಮ್ಮೆ, ಬೇರನ್ನ ಮೂರರಲ್ಲಿ ಒಂದು ಪಾಲು ಮೀರದ ಹಾಗೆ ತೆಗೆದು. ಮಣ್ಣಲ್ಲಿ ನೀರು ನಿಲ್ಲಬಾರದು. ಹೂವಿದ್ದಾಗ ಕತ್ತರಿ ಮುಟ್ಟಬೇಡಿ, ನೀರು ಬುಡಕ್ಕೆ ಹಾಕಿ, ಹೂವಿನ ಮೇಲಲ್ಲ. ಹೂ ಉದುರಿದ ಮೇಲೆ ಹೊಸ ಚಿಗುರು ಉದ್ದ ಓಡುತ್ತೆ, ಓಡಲಿ. ಆರೆಂಟು ಎಲೆ ಬಂದು ಬುಡ ಗಟ್ಟಿಯಾದಾಗ, ಜೂನ್ ಹೊತ್ತಿಗೆ, ಎರಡು ಮೂರು ಎಲೆ ಬಿಟ್ಟು ತುದಿ ತೆಗೀರಿ. ಅಲ್ಲಿಗೆ ಮುಗೀತು. ಆಮೇಲೆ ಎಲೆ ಉದುರೋವರೆಗೂ ಗಿಡ ಕೆದರಿದ ತಲೆ ಥರ ಕಾಣುತ್ತೆ. ಕಾಣಲಿ ಬಿಡಿ. ಅದು ನಿಮ್ಮ ಡ್ರಾಯಿಂಗ್ ರೂಮಿನ ಸೋಫಾ ಅಲ್ಲ. ಗೊಬ್ಬರ ಹೂ ಮುಗಿದು ಕಾಯಿ ಕಚ್ಚಿದ ಮೇಲೆ. ವಸಂತದ ಶುರುವಿಗೇ ಸಾರಜನಕ ಸುರಿದರೆ ಬರೀ ಎಲೆ, ಉದ್ದ ಕಡ್ಡಿ.

ಕತ್ತರಿಸದೆ ಇರೋದೇ ದಯೆ ಅನ್ನೋರಿಗೆ ಇನ್ನೆರಡು ಮಾತು.

ಒಂದು, ಬೆಂಕಿರೋಗ. ಹೂ ಬಿಡೋ ಕಾಲದಲ್ಲಿ ಸೆಖೆಯೂ ಮಳೆಯೂ ಒಟ್ಟಿಗೆ ಬಂದರೆ ಈ ಬ್ಯಾಕ್ಟೀರಿಯಾ ಹೂವಿನ ಮೂಲಕ ಒಳಗೆ ಹೋಗುತ್ತೆ. ಚಿಗುರಿನ ತುದಿ ಬೆಂಕಿ ತಾಗಿದ ಹಾಗೆ ಕಪ್ಪಾಗಿ ದೋಟಿಯ ಕೊಕ್ಕೆ ಥರ ಬಾಗುತ್ತೆ. ಆಗ ಕಪ್ಪಾದ ಜಾಗದಿಂದ ತುಂಬಾ ಕೆಳಗೆ, ಆರೋಗ್ಯವಾಗಿರೋ ಕಡೆಯಲ್ಲಿ ಕತ್ತರಿಸಬೇಕು, ಪ್ರತಿ ಸಲ ಕತ್ತರಿಯನ್ನ ಸ್ಪಿರಿಟ್‌ನಲ್ಲಿ ಒರೆಸಬೇಕು. ಒಂದೂವರೆ ಅಡಿ ಮರದಲ್ಲಿ ಅದರರ್ಥ ಹತ್ತು ವರ್ಷ ಸಾಕಿದ ಒಂದಿಡೀ ಕೊಂಬೆ. ನಾನು ಹಾಗೆ ಒಂದನ್ನ ತೆಗೆದಿದ್ದೀನಿ. ಎಡಗಡೆ ಇವತ್ತಿಗೂ ಖಾಲಿ ಕಾಣುತ್ತೆ. ‘ಪಾಪ, ಇರಲಿ’ ಅಂತ ಒಂದು ವಾರ ಬಿಟ್ಟಿದ್ದರೆ ಪೂರ್ತಿ ಮರವೇ ಹೋಗ್ತಿತ್ತು.

ಇನ್ನೊಂದು, ಕಾಯಿ. ಬೋನ್ಸಾಯ್‌ನಲ್ಲಿ ಎಲೆ ಸಣ್ಣ ಮಾಡಬಹುದು, ಹೂ ಹಣ್ಣು ಸಣ್ಣ ಆಗಲ್ಲ. ಕ್ರ್ಯಾಬ್ ಆಪಲ್‌ನ ಹಣ್ಣು ಹುಟ್ಟಾ ಚಿಕ್ಕದು, ನಮ್ಮ ಗಿಡದ್ದು ನೆಲ್ಲಿಕಾಯಿಯಷ್ಟೂ ಇಲ್ಲ, ಅದಕ್ಕೇ ಇದು ಕುಂಡಕ್ಕೆ ಒಪ್ಪುತ್ತೆ. ಪಕ್ಕದ ಮನೆಯವರ ಅಂಗಳದಲ್ಲಿ ಬೇರೆ ಜಾತಿಯ ದೊಡ್ಡ ಕ್ರ್ಯಾಬ್ ಆಪಲ್ ಇರೋದರಿಂದ ಜೇನುಹುಳಗಳ ಕೃಪೆಯಿಂದ ಕಾಯಿ ಚೆನ್ನಾಗಿ ಕಚ್ಚುತ್ತೆ. ಹಾಗಂತ ಎಲ್ಲ ಬಿಟ್ಟರೆ ಮರ ಸೋತು ಹೋಗುತ್ತೆ, ಮುಂದಿನ ವರ್ಷ ಹೂ ಇಲ್ಲ, ಕೆಲವು ಸಲ ಕೊಂಬೆಯೇ ಒಣಗುತ್ತೆ. ಕಳೆದ ಸಲ ಅಮ್ಮ ಇಲ್ಲಿಗೆ ಬಂದಿದ್ದಾಗ ನಾನು ಎಳೆಕಾಯಿ ಕೀಳ್ತಾ ಕೂತಿದ್ದೆ. "ಬಸುರಿ ಗಿಡದ ಕಾಯಿ ಕೀಳ್ತಿಯಲ್ಲೋ, ಕೈ ಹೇಗೆ ಬರುತ್ತೆ ನಿಂಗೆ" ಅಂದರು. ಉತ್ತರ ಕೊಡಲಿಲ್ಲ, ಕೀಳ್ತಾ ಇದ್ದೆ. ಸ್ವಲ್ಪ ಹೊತ್ತು ನೋಡಿ, ಕುರ್ಚಿ ಎಳೆದುಕೊಂಡು ಪಕ್ಕ ಕೂತರು. "ಹಲಸಿನ ಮರದಲ್ಲಿ ಜಾಸ್ತಿ ಕಚ್ಚಿದರೆ ನಾವೂ ಎಳೇದು ತೆಗೆದು ಪಲ್ಯ ಮಾಡ್ತೀವಲ್ಲ, ಇಲ್ಲದಿದ್ದರೆ ಒಂದೂ ದಪ್ಪ ಆಗಲ್ಲ" ಅಂತ ತಮಗೆ ತಾವೇ ಹೇಳಿಕೊಂಡು, ಆ ಕಡೆ ಕೊಂಬೆ ಅವರೇ ಶುರು ಮಾಡಿದರು. ನನಗಿಂತ ಜಾಸ್ತಿ ಕಿತ್ತರು. ಗಿಡದ ಜೊತೆ ಬದುಕಿದವರಿಗೆ ಅದು ಅರ್ಥ ಆಗೋಕೆ ಐದು ನಿಮಿಷ ಸಾಕು.

ಹಾಗಾದರೆ ಹಿಂಸೆ ಎಲ್ಲಿದೆ ಅಂದೆ? ಕುಂಡದಲ್ಲಿ. ನೆಲದಲ್ಲಿರೋ ಮರ ನೀರಿಲ್ಲದಿದ್ದರೆ ಬೇರು ಇನ್ನಷ್ಟು ಆಳಕ್ಕೆ ಇಳಿಸುತ್ತೆ. ಕುಂಡದ ಮರಕ್ಕೆ ಇಳಿಯೋಕೆ ನಾಲ್ಕು ಇಂಚು. ಇಲ್ಲಿನ ಜುಲೈ ಬಿಸಿಲಿಗೆ ದಿನಕ್ಕೊಮ್ಮೆ ನೀರು ಬೇಕೇ ಬೇಕು, ಉರಿ ದಿನಗಳಲ್ಲಿ ಎರಡು ಸಲ. ಒಂದು ದಿನ ತಪ್ಪಿದರೆ ಎಲೆ ಅಂಚು ಸುಡುತ್ತೆ, ಮೂರು ದಿನ ತಪ್ಪಿದರೆ ಮರ ಇಲ್ಲ. ಕೊಟ್ಟಿಗೆಯಲ್ಲಿ ಹಸು ಕಟ್ಟಿದವರ ಮನೆ ನೆನಪಿಸಿಕೊಳ್ಳಿ. ಮದುವೆ ಇರಲಿ, ಜಾತ್ರೆ ಇರಲಿ, ಒಬ್ಬರು ಮನೆಯಲ್ಲಿ ಉಳೀತಿದ್ದರು. ಕಟ್ಟಿದ ಹಸು ತಾನಾಗಿ ಹೋಗಿ ನೀರು ಕುಡಿಯಲ್ಲ ಅಂತ ಅವರಿಗೆ ಗೊತ್ತಿತ್ತು. ಹಾಲು ಕರೆಯೋದು ಹಿಂಸೆಯೋ ಅಲ್ಲವೋ ಅನ್ನೋ ಚರ್ಚೆಗೆ ಅವರು ಕೂರಲಿಲ್ಲ, ಹೊತ್ತಿಗೆ ಸರಿಯಾಗಿ ಹುಲ್ಲು ಹಾಕಿದರು.

ನಮ್ಮ ಇಲ್ಲಿನ ಜನ ಮಾಡೋದೇನು? ಮೇ ತಿಂಗಳಲ್ಲಿ ಹೂವಿರೋ ಗಿಡ ತಗೋತಾರೆ. ಜೂನ್ ಕೊನೆಗೆ ಮಕ್ಕಳಿಗೆ ರಜೆ, ಐದು ವಾರ ಊರು. ಬರೋ ಹೊತ್ತಿಗೆ ಕಡ್ಡಿ. "ನಮ್ಮ ಕೈಗೆ ಗಿಡ ಬರಲ್ಲ ಕಣ್ರೀ" ಅಂತಾರೆ. ಕೈಗೆ ಬರಲ್ಲ ಅನ್ನೋದು ನೆಪ. ಕೈ ಇಲ್ಲಿರಲಿಲ್ಲ, ಅಷ್ಟೇ. ಆಮೇಲೆ ಇನ್ನೊಬ್ಬರ ಡೆಕ್ ಮೇಲೆ ಕತ್ತರಿ ಕಂಡು ಪಾಪ ಅಂತಾರೆ.

ನಾನು ಈಗ ಊರಿಗೆ ಹೋಗೋದು ಡಿಸೆಂಬರ್‌ನಲ್ಲಿ, ಮರ ಮಲಗಿರೋವಾಗ. ಎರಡು ವಾರಕ್ಕಿಂತ ಹೆಚ್ಚು ರಜ ಸಿಗಲ್ಲ. ಹೀಗೆ ಮಾಡಿದ್ದರಿಂದ ಬೇಸಿಗೆಯ ಎರಡು ಮದುವೆ, ಒಂದು ಉಪನಯನ ತಪ್ಪಿದೆ. "ಗಿಡಕ್ಕೋಸ್ಕರ ಬರಲಿಲ್ವಂತೆ" ಅಂತ ಚಿಕ್ಕಪ್ಪನ ಮನೆಯವರು ಇವತ್ತಿಗೂ ಅಂತಾರೆ. ಅವರು ಅನ್ನೋದರಲ್ಲಿ ನ್ಯಾಯ ಇದೆ. ಆದರೆ ಕಟ್ಟಿದವನು ನಾನು.

ಅವತ್ತು ಹೊರಡೋ ಮುಂಚೆ ಆ ಸ್ನೇಹಿತರು ಇನ್ನೊಂದು ಸಲ ಗಿಡ ನೋಡಿ, "ನನಗೂ ಇಂಥದ್ದೊಂದು ಕೊಡಿಸ್ತೀರಾ?" ಅಂದರು. "ಜುಲೈನಲ್ಲಿ ಊರಿಗೆ ಹೋಗ್ತೀರಲ್ಲ, ನೀರು ಯಾರು ಹಾಕ್ತಾರೆ?" ಅಂತ ಕೇಳಿದೆ. ಸುಮ್ಮನಾದರು. ಬೇಜಾರು ಮಾಡ್ಕೊಂಡರು ಅನ್ಸುತ್ತೆ. ಆಗ ನಾನೇ ಹೇಳಿದೆ: ಈ ವರ್ಷ ಗಿಡ ಬೇಡ. ಟಿವಿ ಪಕ್ಕದ ಆ ಜೂನಿಪರ್‌ನ ಕಸಕ್ಕೆ ಹಾಕಿ, ಕುಂಡ ತೊಳೆದಿಡಿ. ಊರಿಂದ ವಾಪಸ್ ಬಂದ ಮೇಲೆ ಆಗಸ್ಟ್‌ನಲ್ಲಿ ನಮ್ಮ ಮನೆಗೆ ಬಂದು ಒಂದು ವಾರ ಬೆಳಗ್ಗೆ ಸಂಜೆ ನೀರು ಹಾಕಿ, ನಾವು ಆ ವಾರ ಎಲ್ಲಾದರೂ ಹೋಗಿಬರ್ತೀವಿ. ಅದಾದ ಮೇಲೂ ಬೇಕು ಅನ್ಸಿದರೆ ಮಾರ್ಚ್‌ನಲ್ಲಿ ಒಟ್ಟಿಗೆ ಹೋಗಿ ತರೋಣ, ಕತ್ತರಿ ನಾನೇ ಕೊಡ್ತೀನಿ.

ನೋಡೋಣ ಅಂದಿದ್ದಾರೆ.